ನುಂಗಿಹೋದ ಕೊನೆಯ ಸಾಲು

ನಗೆಹನಿ ಹೇಳುವವರ ಪಾಡು ಯಾರಿಗೂ ಬೇಡ. ಸಾರು ಸಪ್ಪೆಯಾದರೆ ಉಪ್ಪು ಹಾಕಬಹುದು, ಹಾಡು ತಪ್ಪಿದರೆ ಕೆಮ್ಮಿ ಮತ್ತೆ ಶುರು ಮಾಡಬಹುದು. ನಗೆಹನಿಯ ಕೊನೆಯ ಸಾಲು ಹೊತ್ತಿಗೆ ಸರಿಯಾಗಿ ಬೀಳದಿದ್ದರೆ ಮುಗಿಯಿತು ಕಥೆ, ಆಮೇಲೆ ದೇವರೇ ಬಂದು ಹೇಳಿದರೂ ಯಾರೂ ನಗುವುದಿಲ್ಲ. ಒಂದು ಸಲವಾದರೆ ಹಾಳಾಗಿ ಹೋಗಲಿ ಅನ್ನಬಹುದು. ಬಾಯಿಬಡುಕಿಗೆ ಅದು ಮೇಲಿಂದ ಮೇಲೆ ಆಗಿತ್ತು, ಅದೂ ಇಡೀ ತರಗತಿಯ ಎದುರಿಗೆ.

ಈ ಬಾಯಿಬಡುಕಿ ಹುಟ್ಟಿದಾಗಿನಿಂದ ಬಾಯಿಂದ ಒಂದು ಮಾತೂ ಆಡಿದವಳಲ್ಲ. ಕಿವಿ ಚುರುಕು, ಬುದ್ಧಿ ಅದಕ್ಕಿಂತ ಚುರುಕು, ಗಂಟಲೊಂದು ಮಾತಿಗೆ ಒಗ್ಗಲಿಲ್ಲ. ಕೈ ಬೀಸಿ, ಕಣ್ಣು ಹೊರಳಿಸಿ, ಊಟದ ತಟ್ಟೆಗೆ ಚಮಚ ಬಡಿದು ಮನೆಮಂದಿಯನ್ನೆಲ್ಲ ಕುಣಿಸುತ್ತಿದ್ದ ಮಗಳಿಗೆ ಅವಳಪ್ಪನೇ ಮುದ್ದಿನಿಂದ ಇಟ್ಟ ಹೆಸರು ಅದು. ಆಮೇಲೆ ಮನೆಗೆ ಮಾತಿನ ಹಲಗೆ ಬಂತು. ಪುಸ್ತಕದಷ್ಟು ಅಗಲದ, ಕತ್ತಿಗೆ ನೇತುಹಾಕಿಕೊಳ್ಳುವ ಯಂತ್ರ. ಬೇಕಾದ ವಾಕ್ಯಗಳನ್ನು ಬರೆದು ಒಂದೊಂದು ಗುಂಡಿಗೆ ಒಂದೊಂದನ್ನು ಕೂರಿಸಿಟ್ಟರೆ ಸಾಕು, ಗುಂಡಿ ಒತ್ತಿದಾಗ ಹುಡುಗಿಯ ದನಿಯಲ್ಲಿ ಅದು ಆ ವಾಕ್ಯ ಹೇಳುತ್ತದೆ. ಹಲಗೆ ಬಂದ ವಾರದೊಳಗೆ ಆ ಹೆಸರು ತಮಾಷೆಯಾಗಿ ಉಳಿಯಲಿಲ್ಲ, ನಿಜವೇ ಆಯಿತು. ನೆಂಟರಿಷ್ಟರ ನಡೆನುಡಿ, ಮೇಲಿನ ಮನೆಯವರ ನಾಯಿ, ಅಮ್ಮನ ಕೂದಲಿನ ಬಣ್ಣ, ಯಾವುದನ್ನೂ ಅವಳು ಬಿಡಲಿಲ್ಲ. ಮಾತಿಗಿಂತ ಹೆಚ್ಚಾಗಿ ಅವಳಿಗೆ ರುಚಿ ಹತ್ತಿದ್ದು ನಗೆಹನಿ.

ಆ ಹಲಗೆ ಮಾಡುವ ಪುಟ್ಟ ಕಂಪನಿಯಲ್ಲೇ ಅವಳ ಚಿಕ್ಕಮ್ಮ, ಅಂದರೆ ಅವಳಮ್ಮನ ತಂಗಿ, ಕೆಲಸ ಮಾಡುತ್ತಿದ್ದಳು. ಹಲಗೆಯ ಹೊಟ್ಟೆಯೊಳಗಿನ ಪ್ರೊಸೆಸರ್ ಯಾವಾಗ ಏಳಬೇಕು, ಯಾವಾಗ ಮಲಗಬೇಕು, ಯಾರು ಕರೆದರೆ ಓಗೊಡಬೇಕು ಎಂದು ತೀರಾ ತಳದಲ್ಲಿ ಕೂತು ಹುಕುಂ ಕೊಡುವ ತಂತ್ರಾಂಶ ಇರುತ್ತದಲ್ಲ, ಅದು ಅವಳ ಪಾಲಿನದು. ಹೊಗಳಿಕೆ ಇಲ್ಲದ ಕೆಲಸ. ಎಲ್ಲ ನಡೆಯುತ್ತಿದ್ದರೆ ಅಲ್ಲೊಬ್ಬಳು ಇದ್ದಾಳೆ ಎಂಬುದೇ ಯಾರಿಗೂ ನೆನಪಿರುವುದಿಲ್ಲ, ಕೆಟ್ಟರೆ ಮಾತ್ರ ಹೆಸರು ಹಿಡಿದು ಕೂಗುತ್ತಾರೆ.

ಆ ಸೋಮವಾರ ಸಂಜೆ ಅಕ್ಕ ಫೋನಿನಲ್ಲಿ ಕೂಗಿದ್ದೂ ಹಾಗೆಯೇ. "ಬೇಗ ಬಾರೇ. ನಿನ್ನ ಹಲಗೆನ ಚಪ್ಪಲಿ ಗೂಡಿಗೆ ಎಸೆದು ಕೂತಿದ್ದಾಳೆ ಇವಳು."

ಚಿಕ್ಕಮ್ಮ ಹೋಗಿ ನೋಡಿದರೆ ಬಾಯಿಬಡುಕಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಎರಡು ಜಡೆಯೂ ಸಿಟ್ಟಿನಿಂದ ಬಿಚ್ಚಿಹೋಗಿದ್ದವು. ಭಾವ ಮಗಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದ. ಆನೆಮರಿಯಂಥ ಆಳು, ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಆಟಿಕೆಯ ಹಾಗೆ ಕಾಣುತ್ತಿತ್ತು.

"ನನ್ನ ಮೇಲಿನ ಜೋಕು ಕಣಮ್ಮ," ಎಂದ ಭಾವ, ಹೆಮ್ಮೆಯಿಂದ. "ಎಷ್ಟು ಚೆನ್ನಾಗಿ ಕಟ್ಟಿದ್ದಾಳೆ ಗೊತ್ತಾ? 'ನಮ್ಮಪ್ಪ ನನಗೆ ಈಜು ಕಲಿಸೋಕೆ ಕರ್ಕೊಂಡು ಹೋದ್ರು. ಕೊಳಕ್ಕೆ ಇಳಿಯೋ ಮುಂಚೆ, ಹೆದರಬೇಡ ಮಗಳೇ, ನಾನಿದ್ದೀನಿ ಅಂದ್ರು.' ಅಷ್ಟು ಹೇಳಿ ಸ್ವಲ್ಪ ಸುಮ್ಮನಿರಬೇಕು. ಆಮೇಲೆ, 'ಅವರನ್ನ ಮೇಲಕ್ಕೆತ್ತೋಕೆ ಮೂರು ಜನ ಬೇಕಾಯ್ತು.'" ಹೇಳಿ ತಾನೇ ಹೊಟ್ಟೆ ಹಿಡಿದು ನಕ್ಕ.

"ನಗಬೇಡ್ರೀ, ಬಟ್ಟೆ ಸುಟ್ಟೀತು," ಎಂದು ಅಕ್ಕ ಗದರಿದಳು. "ಇವಳು ಕ್ಲಾಸಿನಲ್ಲಿ ಅದನ್ನೇ ಹೇಳಿದ್ದಾಳೆ. ಕೊನೇ ಸಾಲಿಗೆ ಗುಂಡಿ ಒತ್ತಿದ್ರೆ ಹಲಗೆ ಉಸಿರೇ ಬಿಟ್ಟಿಲ್ಲ. ಗಾಬರಿಯಲ್ಲಿ ಮತ್ತೊಂದು ಸಲ ಒತ್ತಿದ್ದಾಳೆ. ಆಗ ಎರಡು ಸಲ ಹೇಳಿದೆ! ಮೂರು ಜನ ಬೇಕಾಯ್ತು, ಮೂರು ಜನ ಬೇಕಾಯ್ತು. ಹುಡುಗರೆಲ್ಲ ನಕ್ಕಿದ್ದಾರೆ, ಆದ್ರೆ ಜೋಕಿಗಲ್ಲ."

ಅದನ್ನು ಕೇಳಿ ಚಿಕ್ಕಮ್ಮನ ಎದೆ ಚುರ್ ಎಂದಿತು. ಜೋಕಿಗೆ ನಗುವುದಕ್ಕೂ ಜೋಕು ಹೇಳುವವಳನ್ನು ನೋಡಿ ನಗುವುದಕ್ಕೂ ಇರುವ ಅಂತರ ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಬರುವ ಶನಿವಾರ ಶಾಲೆಯಲ್ಲಿ ಮಕ್ಕಳ ಕಾರ್ಯಕ್ರಮ. ಬಾಯಿಬಡುಕಿಯ ಹೆಸರಿನ ಮುಂದೆ 'ಹಾಸ್ಯ' ಎಂದು ಬರೆದಿತ್ತು. ಟೀಚರು ಒಳ್ಳೆಯವರೇ, ಮಗುವಿಗೆ ಎಲ್ಲರೆದುರು ಅವಮಾನವಾಗಬಾರದು ಎಂದು ಒಂದು ಉಪಾಯ ಹೂಡಿದ್ದರು. ಅವಳ ಜೋಕುಗಳನ್ನೆಲ್ಲ ಮೊದಲೇ ಧ್ವನಿಮುದ್ರಿಸಿ ಇಟ್ಟುಕೊಳ್ಳುವುದು, ಪರದೆಯ ಪಕ್ಕದಲ್ಲಿ ನಿಂತು ತಾವೇ ಹಾಕುವುದು, ಇವಳು ಮೈಕಿನ ಮುಂದೆ ನಿಂತಿದ್ದರಾಯಿತು.

ಅಕ್ಕ ಅದನ್ನು ಹೇಳಿದ್ದೇ ಬಾಯಿಬಡುಕಿ ಎದ್ದಳು. ದಡದಡ ನಡೆದು ಚಪ್ಪಲಿ ಗೂಡಿನಿಂದ ಹಲಗೆ ಎತ್ತಿಕೊಂಡು ಬಂದಳು, ಚಿಕ್ಕಮ್ಮನ ತೊಡೆಯ ಮೇಲೆ ಧೊಪ್ಪೆಂದು ಇಟ್ಟಳು, ಬರೆದಳು, ಒತ್ತಿದಳು.

"ಟೀಚರ್ ಒತ್ತಿದ್ರೆ ಅದು ಟೀಚರ್ ಜೋಕ್," ಎಂದಿತು ಹಲಗೆ. "ನಾನು ಬೊಂಬೆ ಥರ ನಿಂತ್ಕೊಳ್ಳಲ್ಲ."

"ಸರಿ ಮಾಡಿಕೊಡ್ತೀನಿ ಕಂದಾ. ಶನಿವಾರದೊಳಗೆ."

ಹುಡುಗಿ ಕಣ್ಣು ಕಿರಿದು ಮಾಡಿ ನೋಡಿದಳು. ಮತ್ತೆ ಬರೆದಳು. "ನಿನ್ನ ಯಂತ್ರ ನಿನ್ನ ಹಾಗೇ ಚಿಕ್ಕಮ್ಮ. ಕರೆದ ತಕ್ಷಣ ಏಳಲ್ಲ." ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದಳು. ಬಾಯಿಬಡುಕಿ ನಗಲಿಲ್ಲ, ಇನ್ನೊಂದು ವಾಕ್ಯ ಒತ್ತಿದಳು. "ಸರಿ ಆಗದಿದ್ರೆ ನಾನು ಸ್ಟೇಜಿಗೆ ಹೋಗಲ್ಲ. ಈ ಹಲಗೆನೂ ಬೇಡ. ಮೊದಲಿನ ಹಾಗೆ ತಟ್ಟೆ ಬಡ್ಕೊಂಡು ಇರ್ತೀನಿ."

ಅಷ್ಟು ಹೇಳಿ ಹಲಗೆ ಅಲ್ಲೇ ಬಿಟ್ಟು ಒಳಗೆ ಹೋದಳು. ಹುಡುಗಿ ಮಾತಿಗೆ ತಪ್ಪುವವಳಲ್ಲ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಚಿಕ್ಕಮ್ಮ ಹಲಗೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ಕಂಪನಿ ಎಂದರೆ ದೊಡ್ಡದೇನಲ್ಲ, ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗೆ ಗಿರಾಕಿಗಳು ಸೈಕಲ್ಲಿನ ಬೆಲ್ಲು ಒತ್ತಿ ಒತ್ತಿ ನೋಡುವ ಟ್ರಿಣ್ ಟ್ರಿಣ್, ಮೇಲೆ ಬೆಸುಗೆ ಹಾಕುವ ತವರದ ವಾಸನೆ. ಒಂದು ಮೇಜಿನ ತುಂಬ ಬಿಚ್ಚಿದ ಹಲಗೆಗಳು. ಇನ್ನೊಂದರ ಮೇಲೆ ಎಲ್ಲರೂ ಮರಕುಟಿಗ ಎಂದು ಕರೆಯುವ ಯಂತ್ರ, ರಬ್ಬರಿನ ತುದಿಯ ಒಂದು ಕಬ್ಬಿಣದ ಬೆರಳು, ಬೆಳಗಿನಿಂದ ಸಂಜೆಯವರೆಗೆ ಹಲಗೆಯ ಗುಂಡಿಗಳನ್ನು ಕುಟ್ಟುವುದೇ ಅದರ ಕೆಲಸ. ಅದನ್ನು ನೋಡಿಕೊಳ್ಳುವವನು ಅನುಮಾನಪ್ಪ. ಅವನು ಕಂಪನಿಯ ಪರೀಕ್ಷಕ. ತನ್ನ ಮನೆಗೆ ಬೀಗ ಹಾಕಿ ಬೀದಿ ತಿರುವಿನವರೆಗೆ ಬಂದು, ಹಾಕಿದೆನೋ ಇಲ್ಲವೋ ಎಂದು ವಾಪಸ್ಸು ಹೋಗುವ ಜಾತಿ, ಹಾಗಾಗಿ ಆ ಹೆಸರು. ಅವನಿಗೂ ಚಿಕ್ಕಮ್ಮನಿಗೂ ಮೇಲಿನವರು ಮೇಷ್ಟ್ರು. ಹಿಂದೆ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಹಲಗೆಯ ಮೊಟ್ಟಮೊದಲ ತಂತ್ರಾಂಶ ಬರೆದವರು. ಅದರಲ್ಲಿ ಪ್ರೊಸೆಸರನ್ನು ಮಲಗಿಸುವ ಭಾಗದ ನೆತ್ತಿಯ ಮೇಲೆ ಅವರದೇ ಒಂದು ಟಿಪ್ಪಣಿ ಇತ್ತು: 'ಇದು ನಡೆಯುತ್ತಿದೆ. ಮುಟ್ಟಿದಿರೋ, ನೋಡಿ ಮತ್ತೆ.'

ಚಿಕ್ಕಮ್ಮ ಮಂಗಳವಾರ ಬೆಳಗ್ಗೆ ಚಪ್ಪಲಿ ಬಿಡುವ ಮೊದಲೇ ದೂರು ಶುರು ಮಾಡಿದಳು.

"ಮಗು ಬೆರಳು ಸರಿಯಾಗಿ ಕೂತಿರಲ್ಲ ಕಣಮ್ಮ," ಎಂದರು ಮೇಷ್ಟ್ರು, ಕನ್ನಡಕ ಒರೆಸುತ್ತ. "ಅವಸರದಲ್ಲಿ ಅಂಚಿಗೆ ಒತ್ತಿರ್ತಾಳೆ."

"ಅಂಚಿಗೆ ಒತ್ತಿದ್ರೆ ಎರಡನೇ ಸಲಕ್ಕೆ ಒಂದೇ ಸಾರಿ ತಾನೇ ಮಾತಾಡ್ಬೇಕು ಮೇಷ್ಟ್ರೇ? ಎರಡು ಸಾರಿ ಹೇಳಿದೆ. ಅಂದ್ರೆ ಮೊದಲನೇದೂ ಒಳಗೆ ಹೋಗಿದೆ. ಕೇಳಿಸ್ಕೊಂಡೂ ಸುಮ್ನೆ ಕೂತಿತ್ತು ನಿಮ್ಮ ಯಂತ್ರ."

"ಓಹೋ, ಈಗ ನನ್ನ ಯಂತ್ರ ಆಯ್ತಾ? ಚೆನ್ನಾಗಿದ್ದಾಗ ನಿನ್ನದು!"

"ಅಲ್ರೀ," ಎಂದು ಅನುಮಾನಪ್ಪ ನಡುವೆ ಬಾಯಿ ಹಾಕಿದ, "ಮರಕುಟಿಗ ಎಷ್ಟು ತಿಂಗಳಿಂದ ಕುಟ್ತಾ ಇದೆ! ಒಂದು ಸಾರಿನೂ ನುಂಗಿಲ್ಲ. ನನಗೇ ಅನುಮಾನ ಬಂದಿಲ್ಲ ಅಂದ್ರೆ ನೋಡಿ."

ಹಾಗೆಂದು ಅವನು ಎದೆ ಮುಟ್ಟಿಕೊಂಡದ್ದೇ ಚಿಕ್ಕಮ್ಮನ ಕಣ್ಣು ಮರಕುಟಿಗದ ಬುಡಕ್ಕೆ ಹೋಯಿತು. ಅಲ್ಲಿಂದ ಒಂದು ಕೇಬಲ್ ಹೊರಟು ಹಲಗೆಯ ಪಕ್ಕೆಗೆ ಚುಚ್ಚಿಕೊಂಡಿತ್ತು. ಹಲಗೆಯ ಒಳಗೆ ಏನು ನಡೆಯುತ್ತಿದೆ ಎಂದು ಇಣುಕಿ ನೋಡುವ ಕೇಬಲ್. ಅದು ಚುಚ್ಚಿರುವಷ್ಟು ಹೊತ್ತೂ ಪ್ರೊಸೆಸರ್ ಎಚ್ಚರವಾಗಿಯೇ ಇರುತ್ತದೆ, ಮಲಗು ಎಂದರೂ ಮಲಗಿದಂತೆ ನಟಿಸುತ್ತದೆ. ಈ ಕಸುಬಿನಲ್ಲಿ ಅಕ್ಷರ ಕಲಿತವರಿಗೆಲ್ಲ ಗೊತ್ತಿರುವ ಸಂಗತಿ.

"ಅನುಮಾನಪ್ಪನವರೇ," ಎಂದಳು ಚಿಕ್ಕಮ್ಮ ಮೆಲ್ಲಗೆ, "ಆ ಕೇಬಲ್ಲು ಯಾವಾಗಲೂ ಹಾಕೇ ಇರುತ್ತಾ?"

"ಮತ್ತೆ? ಲೆಕ್ಕ ಬರೋದೇ ಅದರಿಂದ ಅಲ್ವಾ." ಹೇಳಿ ಮುಗಿಸುವಷ್ಟರಲ್ಲಿ ಅವನ ಮುಖ ಬಿಳಿಚಿತು. "ಅಯ್ಯೋ ನನ್ನ ಕರ್ಮವೇ!"

ಎಚ್ಚರ ತಪ್ಪದ ಯಂತ್ರಕ್ಕೆ ತಿಂಗಳುಗಟ್ಟಲೆ ನಿದ್ದೆಯ ಪರೀಕ್ಷೆ ಮಾಡಿ ಪಾಸು ಎಂದು ಬರೆದಿದ್ದರು ಮಹಾನುಭಾವರು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವರು ಮೇಷ್ಟ್ರು, ಆಮೇಲೆ ತಾವು ಯಜಮಾನರು ಎಂಬುದು ನೆನಪಾಗಿ ನಿಲ್ಲಿಸಿದರು.

ಕೇಬಲ್ ಕಿತ್ತು ಬಿಸಾಡಿದ್ದಾಯಿತು. ಇನ್ನೇನು ಕಳ್ಳ ಸಿಕ್ಕಿಬಿದ್ದ ಎಂದು ಮೂವರೂ ಸುತ್ತ ಕೂತರೆ, ಊಹೂಂ. ಮರಕುಟಿಗ ಟಕ್ ಟಕ್ ಎಂದು ಒಂದೇ ಸಮನೆ ಕುಟ್ಟಿತು, ಹಲಗೆ ಒಂದೇ ಸಮನೆ ಮಾತಾಡಿತು. ನಿಧಾನವಾಗಿ ಕುಟ್ಟಿಸಿದರು, ಹಲಗೆ ಪೂರ್ತಿ ಮಲಗಿದ ಮೇಲೆ ಕುಟ್ಟಿಸಿದರು. ಪ್ರತಿ ಸಲವೂ ಒಳ್ಳೆ ಮನೆತನದ ಹುಡುಗಿಯ ಹಾಗೆ ಕರೆದ ಕೂಡಲೇ ಎದ್ದು ಓಗೊಟ್ಟಿತು. ಆ ದಿನ ಹೋಯಿತು, ಬುಧವಾರದ ಬೆಳಗೂ ಹೋಯಿತು.

"ಹಾಳಾದ್ದು, ಮಲಗೋದನ್ನೇ ತೆಗೆದುಬಿಡು," ಎಂದರು ಮೇಷ್ಟ್ರು. "ಸದಾ ಎಚ್ಚರವಾಗಿರಲಿ."

"ಬ್ಯಾಟರಿ ಮಧ್ಯಾಹ್ನದ ಊಟದ ಹೊತ್ತಿಗೆ ಕೈ ಎತ್ತುತ್ತೆ ಮೇಷ್ಟ್ರೇ. ಮಧ್ಯಾಹ್ನದ ಮೇಲೆ ಅವಳು ಮೂಕಿಯಾಗಿ ಕೂರಬೇಕಾ?"

ಆ ಮಾತನ್ನು ಅವಳು ಜೋರಾಗಿಯೇ ಹೇಳಿಬಿಟ್ಟಿದ್ದಳು. ಮೇಷ್ಟ್ರು ಬೇಸರಪಡದೆ, "ಬೇಡ ಬೇಡ, ತಪ್ಪು," ಎಂದು ತಲೆ ಕೆರೆದುಕೊಂಡರು.

"ನುಂಗೋದು ಯಾವಾಗ ಅಂತನಾದ್ರೂ ಸರಿಯಾಗಿ ಹೇಳಿ," ಎಂದ ಅನುಮಾನಪ್ಪ. "ಮಗು ಹೇಗೆ ಒತ್ತುತ್ತೆ?"

"ಹೇಗೆ ಅಂದ್ರೆ? ಎಲ್ಲರೂ ಒತ್ತೋ ಹಾಗೆ! ಇಲ್ಲಿ ನೋಡಿ." ಚಿಕ್ಕಮ್ಮನಿಗೆ ರೇಗಿತ್ತು. ಹಲಗೆ ಕತ್ತಿಗೆ ಹಾಕಿಕೊಂಡು ಬಾಯಿಬಡುಕಿಯ ಹಾಗೆಯೇ ಸೊಂಟ ಓರೆ ಮಾಡಿ ನಿಂತಳು. ಕೊಳದ ಸಾಲು ಒತ್ತಿದಳು. 'ಹೆದರಬೇಡ ಮಗಳೇ, ನಾನಿದ್ದೀನಿ ಅಂದ್ರು' ಎಂದಿತು ಹಲಗೆ. ಹುಡುಗಿ ಆಗ ಏನು ಮಾಡುತ್ತಾಳೆ ಎಂಬುದು ಚಿಕ್ಕಮ್ಮನಿಗೆ ಬಾಯಿಪಾಠವಾಗಿತ್ತು. ಕತ್ತು ಒಂದು ಕಡೆ ವಾಲಿಸುತ್ತಾಳೆ, ಹುಬ್ಬು ಏರಿಸುತ್ತಾಳೆ, ಕೂತವರನ್ನು ಎಡದಿಂದ ಬಲಕ್ಕೆ ಒಂದು ಸುತ್ತು ನೋಡುತ್ತಾಳೆ. ಆಮೇಲೆ ಒತ್ತುತ್ತಾಳೆ. ಚಿಕ್ಕಮ್ಮ ಕತ್ತು ವಾಲಿಸಿದಳು, ಹುಬ್ಬು ಏರಿಸಿದಳು, ಎಡದಿಂದ ಬಲಕ್ಕೆ ನೋಡಿದಳು, ಒತ್ತಿದಳು.

ಹಲಗೆ ಪಿಟ್ ಎನ್ನಲಿಲ್ಲ.

ಕೆಳಗೆ ಯಾರೋ ಟ್ರಿಣ್ ಎಂದು ಬೆಲ್ಲು ಒತ್ತಿದರು. ಅನುಮಾನಪ್ಪನ ಬಾಯಿ ತೆರೆದೇ ಇತ್ತು. ಚಿಕ್ಕಮ್ಮ ಮತ್ತೊಮ್ಮೆ ಒತ್ತಿದಳು. ಮೂರು ಜನ ಬೇಕಾಯ್ತು, ಮೂರು ಜನ ಬೇಕಾಯ್ತು.

"ನುಂಗ್ತು!" ಎಂದು ಅವಳು ಕಿರುಚಿದ್ದಕ್ಕೆ ಸೈಕಲ್ ಅಂಗಡಿಯವನು ಮೆಟ್ಟಿಲ ಬುಡದಿಂದ, "ಏನಾಯ್ತು ಮೇಡಮ್ಮೋರೇ, ಹಲ್ಲೀನಾ?" ಎಂದು ಕೂಗಿದ.

ಅಂದರೆ ಬೇನೆ ಇದ್ದದ್ದು ಆ ತಡೆದು ನಿಲ್ಲುವ ಹೊತ್ತಿನಲ್ಲಿ. ಕಂಪನಿಯಲ್ಲಿ ಹಲಗೆಯನ್ನು ಒತ್ತಿದವರೆಲ್ಲ ಕೆಲಸದವರು, ಒಂದೋ ಪಟಪಟ ಒತ್ತುವವರು, ಇಲ್ಲವೇ ಒತ್ತಿಟ್ಟು ಊಟಕ್ಕೆ ಹೋಗುವವರು. ಹಲಗೆಯ ಜೊತೆ ಇಷ್ಟು ವರ್ಷದಲ್ಲಿ ಯಾರೊಬ್ಬರೂ ಒಂದು ಜೋಕು ಹೇಳಿರಲಿಲ್ಲ. ನಗೆಹನಿಯ ಕೊನೆಯ ಸಾಲಿಗೆ ಮುಂಚೆ ಎಷ್ಟು ತಡೆಯಬೇಕೋ, ಸರಿಯಾಗಿ ಅಷ್ಟೇ ಹೊತ್ತಿಗೆ ಹಲಗೆ ಇನ್ನು ಮಾತಿಲ್ಲ ಎಂದುಕೊಂಡು ಮಲಗಲು ಹೊರಡುತ್ತಿತ್ತು. ಹುಡುಗಿ ಒಳ್ಳೆಯ ಮಾತುಗಾರ್ತಿ, ಅದೇ ತಪ್ಪಾಗಿ ಹೋಗಿತ್ತು.

ಆ ಮಧ್ಯಾಹ್ನವೆಲ್ಲ ಮೂವರೂ ಸರದಿಯಲ್ಲಿ ಹಲಗೆ ಕತ್ತಿಗೆ ಹಾಕಿಕೊಂಡು ಒಬ್ಬರಿಗೊಬ್ಬರು ಜೋಕು ಹೇಳಿದರು. ಅನುಮಾನಪ್ಪ ತಡೆದು ನಿಲ್ಲುವುದರಲ್ಲಿ ತೀರಾ ದಡ್ಡ, ಅವನು ಒತ್ತಿದಾಗಲೆಲ್ಲ ಹಲಗೆ ಚೆನ್ನಾಗಿಯೇ ಮಾತಾಡಿತು. ಮೇಷ್ಟ್ರು ಮಾತ್ರ ಎಷ್ಟೋ ವರ್ಷ ಕಾಲೇಜಿನಲ್ಲಿ ಹಿಂದಿನ ಬೆಂಚಿನ ಹುಡುಗರನ್ನು ಜೋಕು ಹೇಳಿ ಎಚ್ಚರವಾಗಿಟ್ಟಿದ್ದವರು. ಅವರು ಹೇಳಿದ್ದನ್ನು ಹಲಗೆ ಒಂದಾದ ಮೇಲೊಂದು ನುಂಗಿತು. ಹಾಗೆ ನುಂಗಿದಾಗಲೆಲ್ಲ ಅವರ ಮುಖ ಅರಳುತ್ತಿತ್ತು.

ಚಿಕ್ಕಮ್ಮ ಹೋಗಿ ಮೇಷ್ಟ್ರ ಆ ಮುಟ್ಟಬಾರದ ಭಾಗ ತೆರೆದಳು. ಓದುತ್ತ ಹೋದವಳು ಒಂದು ಕಡೆ ಬೆರಳಿಟ್ಟಳು.

"ಇಲ್ಲಿ ನೋಡಿ ಮೇಷ್ಟ್ರೇ. ಮನೆ ಯಜಮಾನಿ ಮಲಗೋಕೆ ಮುಂಚೆ ಮೇಜಿನ ಮೇಲೆ ಚೀಟಿ ಏನಾದ್ರೂ ಇದೆಯಾ ಅಂತ ನೋಡ್ತಾಳೆ. ಇಲ್ಲ. ಸರಿ, ದೀಪ ಆರಿಸ್ತಾಳೆ, ಸ್ಪೀಕರ್ ಮುಚ್ತಾಳೆ, ಹಾಸಿಗೆ ಹಾಸ್ತಾಳೆ. ಅಷ್ಟರೊಳಗೆ ಬಾಗಿಲಿಗೆ ಯಾರೋ ಬಂದು ಬೆಲ್ ಒತ್ತಿದ್ರು. ಆಳು ಓಡಿಹೋಗಿ ಬಾಗಿಲು ತೆಗೆದ, ಏನು ಸಮಾಚಾರ ಅಂತ ಬರ್ಕೊಂಡು ಚೀಟಿ ಮೇಜಿನ ಮೇಲಿಟ್ಟ, ಹೋದ. ಅವನ ಕೆಲಸ ಅವನು ಸರಿಯಾಗೇ ಮಾಡಿದ. ಯಜಮಾನಿ? ಮೇಜು ಆಗಲೇ ನೋಡಿ ಆಗಿದೆಯಲ್ಲ, ಹೋಗಿ ಮಲಗಿಬಿಟ್ಟಳು. ಚೀಟಿ ಅಲ್ಲೇ ಬಿದ್ದಿದೆ. ಇನ್ನೊಂದು ಸಲ ಬೆಲ್ ಆದಾಗ ಎದ್ದು ನೋಡ್ತಾಳೆ, ಎರಡು ಚೀಟಿ!"

ಯಜಮಾನಿ ಎಂದರೆ ಹಲಗೆಯ ಮುಖ್ಯ ಕಾರ್ಯಕ್ರಮ. ಬಾಗಿಲ ಬೆಲ್ಲು ಎಂದರೆ ಇಂಟರಪ್ಟ್, ಗುಂಡಿ ಒತ್ತಿದ ಕೂಡಲೇ ಪ್ರೊಸೆಸರಿಗೆ ಹೋಗುವ ಕರೆ. ಓಡಿಬರುವ ಆಳು ಆ ಕರೆಯನ್ನು ವಿಚಾರಿಸಿಕೊಳ್ಳುವ ಪುಟ್ಟ ಕಾರ್ಯಕ್ರಮ. ಮೇಷ್ಟ್ರಿಗೆ ಅದನ್ನೆಲ್ಲ ಬಿಡಿಸಿ ಹೇಳಬೇಕಿರಲಿಲ್ಲ. ಅವರು ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದರು.

"ಇಷ್ಟು ವರ್ಷ ನಡೀತಲ್ಲೇ!"

"ಮುಂಚೆ ಗಡಿಯಾರದ ಕರೆ ಇತ್ತಲ್ಲ, ಕ್ಷಣಕ್ಕೊಂದು ಸಲ ಅದು ಯಜಮಾನಿನ ತಿವಿದು ಎಬ್ಬಿಸ್ತಿತ್ತು. ಎದ್ದಾಗಲೆಲ್ಲ ಮೇಜು ನೋಡ್ತಿದ್ಳು. ಬ್ಯಾಟರಿ ಉಳಿಯುತ್ತೆ ಅಂತ ಹೋದ ಸಲ ತಂತ್ರಾಂಶ ಬದಲಿಸುವಾಗ ನಾನೇ ಆ ಗಡಿಯಾರ ತೆಗೆದುಹಾಕಿದೆ. ನೀವೇ ಎಲ್ಲರ ಮುಂದೆ ಶಹಬ್ಬಾಸ್ ಅಂದ್ರಿ."

"ಹಂಗಾದ್ರೆ ಕೋಡು ನನ್ನದು, ಎಡವಟ್ಟು ಇಬ್ಬರದೂ," ಎಂದರು ಮೇಷ್ಟ್ರು. ಆಮೇಲೆ ಆ ಟಿಪ್ಪಣಿಯ ಸಾಲು ಓದಿ ಗಲ್ಲ ಉಜ್ಜಿಕೊಂಡರು. "ಮುಟ್ಟಮ್ಮ. ಧಾರಾಳವಾಗಿ ಮುಟ್ಟು."

ಚಿಕ್ಕಮ್ಮ ಮೊದಲು ಕಂಡ ಸುಲಭದ ದಾರಿ ಹಿಡಿದಳು. ದೀಪ ಆರಿಸಿ ಹಾಸಿಗೆ ಹಾಸಿದ ಮೇಲೆ, ಮಲಗುವ ಮುಂಚೆ, ಇನ್ನೊಂದು ಸಲ ಮೇಜು ನೋಡುವುದು. ಗುರುವಾರ ಬೆಳಗ್ಗೆ ಅದನ್ನು ಹಾಕಿದರು. ಮೇಷ್ಟ್ರು ಗಂಟಲು ಒಣಗುವವರೆಗೆ ಜೋಕು ಹೇಳಿದರು, ಒಂದನ್ನೂ ನುಂಗಲಿಲ್ಲ. ಅನುಮಾನಪ್ಪ ಕೇಬಲ್ಲಿನ ಬದಲು ಹಲಗೆಯ ಮಾತು ಎಣಿಸಲು ಪಕ್ಕದಲ್ಲೊಂದು ಮೈಕು ಇಟ್ಟು, ಮರಕುಟಿಗಕ್ಕೂ ತಡೆದು ನಿಲ್ಲುವುದನ್ನು ಕಲಿಸಿಬಿಟ್ಟ. ಒಮ್ಮೆ ಚೂರು ಮುಂಚೆ, ಒಮ್ಮೆ ಚೂರು ತಡವಾಗಿ, ಕಬ್ಬಿಣದ ಬೆರಳು ಗಾಳಿಯಲ್ಲಿ ತೂಗಾಡಿ, ಆಮೇಲೆ ಕುಟ್ಟುವುದು. "ನಮ್ಮ ಮರಕುಟಿಗಕ್ಕೆ ಹಾಸ್ಯಪ್ರಜ್ಞೆ ಬಂತು," ಎಂದು ಮೇಷ್ಟ್ರು ಕೊಂಡಾಡಿದರು. ಊಟ ಮುಗಿಸಿ ಬಂದು ನೋಡಿದರೆ, ಸಾವಿರಾರು ಜೋಕುಗಳಲ್ಲಿ ಒಂದೇ ಒಂದನ್ನು ಹಲಗೆ ನುಂಗಿತ್ತು.

"ಒಂದು ತಾನೇ," ಎಂದ ಅನುಮಾನಪ್ಪ. ಅವನ ಬಾಯಲ್ಲಿ ಅಂಥ ಮಾತು ಬಂದದ್ದು ಅದೇ ಮೊದಲು. "ಶನಿವಾರಕ್ಕೆ ಇದನ್ನೇ ಕೊಟ್ಟುಬಿಡಿ. ಆಮೇಲೆ ನೋಡಿದ್ರಾಯ್ತು."

ಚಿಕ್ಕಮ್ಮನಿಗೂ ಆಸೆಯಾಯಿತು. ಸುಸ್ತಾಗಿತ್ತು, ಕಣ್ಣು ಉರಿಯುತ್ತಿತ್ತು. ಆದರೆ ಗೋಡೆಗೆ ಮುಖ ಮಾಡಿ ಕೂತ ಆ ಬೆನ್ನು ನೆನಪಾಯಿತು.

"ಆ ಒಂದು ಶನಿವಾರ ಸಂಜೆನೇ ಬಂದ್ರೆ? ನೋಡೋದಕ್ಕೂ ಮಲಗೋದಕ್ಕೂ ಮಧ್ಯೆ ಕೂದಲೆಳೆಯಷ್ಟು ಸಂದು ಇದ್ರೂ ಅದು ಸಂದೇ. ಸಂದೇ ಇರಬಾರದು." ಅವಳು ಕುರ್ಚಿ ಎಳೆದುಕೊಂಡಳು. "ಮೇಜು ನೋಡೋಕೆ ಮುಂಚೆನೇ ಇಂಟರಪ್ಟ್ ಬಾಗಿಲು ಹಾಕಿಬಿಡ್ತೀನಿ. ಬಾಗಿಲು ಹಾಕಿ, ಮೇಜು ನೋಡಿ, ಹಾಗೇ ಮಲಗೋದು."

"ಬಾಗಿಲು ಹಾಕ್ಕೊಂಡು ಮಲಗಿದ್ರೆ ಎಬ್ಬಿಸೋರು ಯಾರ್ರೀ?" ಅನುಮಾನಪ್ಪ ಎದ್ದೇ ನಿಂತ. "ಶಾಶ್ವತವಾಗಿ ಮಲಗಿಬಿಡುತ್ತೆ! ಈಗ ಒಂದು ಸಾಲು ನುಂಗ್ತಿದೆ, ಆಮೇಲೆ ಮಗೂನ ಮಾತೆಲ್ಲ ನುಂಗುತ್ತೆ!"

"ಇಲ್ಲ ಕಣಯ್ಯ," ಎಂದರು ಮೇಷ್ಟ್ರು. ಅವರ ದನಿ ಕಾಲೇಜಿನ ದನಿಯಾಗಿತ್ತು. "ಈ ಪ್ರೊಸೆಸರಿನ ಗುಣವೇ ಬೇರೆ. ಬಾಗಿಲು ಹಾಕಿದ್ರೆ ಆಳು ಹೊರಗೆ ಓಡಿಹೋಗಲ್ಲ, ಅಷ್ಟೇ. ಬೆಲ್ಲು ಕೇಳಿಸುತ್ತೆ. ಬೆಲ್ಲು ಬಾಕಿ ಇದ್ರೆ ಯಜಮಾನಿ ಮಲಗೋಕೆ ಹೋದ್ರೂ ನಿದ್ದೆ ಹತ್ತಲ್ಲ, ಮಲಗಿದ್ರೆ ಎಚ್ಚರ ಆಗುತ್ತೆ. ಎದ್ದ ಮೇಲೆ ಬಾಗಿಲು ತೆಗೆದ್ರೆ ಆಳು ಓಡಿಹೋಗಿ ವಿಚಾರಿಸ್ತಾನೆ. ಏನೂ ತಪ್ಪಿಹೋಗಲ್ಲ. ಬರೆಯಮ್ಮ, ಬರೆ."

ಬರೆದದ್ದು ಎಷ್ಟು ಅಂತೀರಿ? ಎರಡು ಸಾಲು ಮೇಲಕ್ಕೆ ಹೋಯಿತು, ಒಂದು ಸಾಲು ಕೆಳಕ್ಕೆ ಬಂತು. ಅಷ್ಟೇ. ಇಷ್ಟು ದಿನದ ಒದ್ದಾಟಕ್ಕೆ ಅದನ್ನು ನೋಡಿದವರು ನಗಬೇಕು. ಅನುಮಾನಪ್ಪ ಉಗುರು ಕಚ್ಚುತ್ತ ಮರಕುಟಿಗದ ಮುಂದೆ ಕೂತ. ಗುರುವಾರ ಸಂಜೆಯೂ, ಶುಕ್ರವಾರ ಇಡೀ ದಿನವೂ ಕಬ್ಬಿಣದ ಬೆರಳು ತಡೆತಡೆದು ಅದೇ ಕೊಳದ ಜೋಕು ಹೇಳಿತು. ಭಾವನನ್ನು ಎಷ್ಟು ಸಲ ನೀರಿನಿಂದ ಎತ್ತಿದರೋ ಲೆಕ್ಕವಿಲ್ಲ. ಒಂದು ಸಲವೂ ಹಲಗೆ ನುಂಗಲಿಲ್ಲ. ಕೊನೆಗೆ ಅನುಮಾನಪ್ಪನೇ ಎದ್ದು, "ನನಗೆ ಅನುಮಾನ ಇಲ್ಲ," ಎಂದ. ಮೇಷ್ಟ್ರು ಸೈಕಲ್ ಅಂಗಡಿಯವನನ್ನೂ ಕರೆದು ಎಲ್ಲರಿಗೂ ಚಹಾ ಹೇಳಿದರು.

ಶುಕ್ರವಾರ ಸಂಜೆ ಚಿಕ್ಕಮ್ಮ ಹಲಗೆಯನ್ನು ಒರೆಸಿ ತಂದು ಹುಡುಗಿಯ ಕೈಗಿಟ್ಟಳು. "ಸರಿಹೋಯ್ತು. ಎಲ್ಲಿ, ಒಂದು ಜೋಕು ಹೇಳು ನೋಡೋಣ."

ಬಾಯಿಬಡುಕಿ ಹಲಗೆಯನ್ನು ತಿರುವಿ ಮುರುವಿ ನೋಡಿದಳು. ಚಿಕ್ಕಮ್ಮನನ್ನೂ ಹಾಗೆಯೇ ನೋಡಿದಳು. ಬರೆದಳು. "ನಾಳೆ ಬಾ." ಹಾಗೆಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ದನಿಯೇ ಕೇಳಲಿಲ್ಲ. ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದ ಚಿಕ್ಕಮ್ಮನನ್ನು ಅಕ್ಕ ಕೈಹಿಡಿದು ಎಳೆದುಕೊಂಡು ಹೋಗಬೇಕಾಯಿತು.

ಶನಿವಾರ ಶಾಲೆಯ ಸಭಾಂಗಣ ಕಿಕ್ಕಿರಿದಿತ್ತು. ಪ್ಲಾಸ್ಟಿಕ್ ಕುರ್ಚಿಗಳ ಕಿರಗುಟ್ಟುವಿಕೆ, ಅಳುವ ಕೂಸುಗಳು, ಮುಂದೆ ಕೂತವರ ತಲೆ ಅಡ್ಡ ಬಂತೆಂದು ಗೊಣಗುವವರು. ಭಾವ ಎರಡು ಕುರ್ಚಿಯ ಜಾಗ ಹಿಡಿದು ಕೂತಿದ್ದ, ಪಕ್ಕದಲ್ಲಿ ಅಕ್ಕ, ಅವಳ ಪಕ್ಕದಲ್ಲಿ ಚಿಕ್ಕಮ್ಮ. ವೇದಿಕೆಯ ಪರದೆಯ ಮರೆಯಲ್ಲಿ ಟೀಚರು ನಿಂತಿದ್ದದ್ದು ಚಿಕ್ಕಮ್ಮನಿಗೆ ಕಾಣುತ್ತಿತ್ತು. ಬೆಳಗ್ಗೆ ಜೋಕುಗಳನ್ನು ತುಂಬಿಸಿಕೊಂಡಿದ್ದ ಧ್ವನಿಮುದ್ರಣದ ಯಂತ್ರ ಅವರ ಕೈಯಲ್ಲೇ ಇತ್ತು. ಹಲಗೆ ಕೈಕೊಟ್ಟರೆ ಮಾತ್ರ ಅದನ್ನು ಹಾಕುವುದು ಎಂದು ಬಾಯಿಬಡುಕಿಗೂ ಅವರಿಗೂ ಒಪ್ಪಂದವಾಗಿತ್ತಂತೆ.

ಹುಡುಗಿ ಬಂದಳು. ಎರಡು ಜಡೆ ಬಿಗಿಯಾಗಿ ಹೆಣೆದಿತ್ತು, ಹಲಗೆ ಎದೆಯ ಮೇಲಿತ್ತು. ಮೈಕನ್ನು ತಾನೇ ಹಲಗೆಯ ಮಟ್ಟಕ್ಕೆ ಇಳಿಸಿಕೊಂಡಳು. ಒತ್ತಿದಳು.

"ಎಲ್ಲರ ಮನೇಲೂ ಮಕ್ಕಳು ಜಾಸ್ತಿ ಮಾತಾಡ್ತಾರೆ ಅಂತ ಬೈತಾರೆ. ನಮ್ಮನೇಲಿ ನಾನು ಮಾತಾಡಲಿ ಅಂತ ಯಂತ್ರ ತಂದ್ರು."

ಅಲ್ಲಲ್ಲಿ ಕಿಸಕ್ಕೆಂದರು. ಅವಳು ಆ ನಗುವನ್ನು ಮುಗಿಯಲು ಬಿಟ್ಟು ಮುಂದಿನದನ್ನು ಒತ್ತಿದಳು.

"ಆ ಯಂತ್ರ ಕೆಟ್ಟುಹೋಯ್ತು. ನಾನು ಹೇಳಿದ್ದರಲ್ಲಿ ಅರ್ಧ ನುಂಗ್ತಿತ್ತು. ನಮ್ಮ ಚಿಕ್ಕಮ್ಮ ಊಟ ನಿದ್ದೆ ಬಿಟ್ಟು ಅದನ್ನ ಸರಿ ಮಾಡಿದ್ರು. ಈಗ ನಾನು ಹೇಳಿದ್ದೆಲ್ಲ, ಒಂದೂ ಬಿಡದೆ, ಹೇಳುತ್ತೆ."

ಚಿಕ್ಕಮ್ಮ ಕುರ್ಚಿಯ ಅಂಚಿಗೆ ಸರಿದಳು. ಇದು ಕೊಳದ ಜೋಕಲ್ಲ, ಮನೆಯಲ್ಲಿ ಯಾರೂ ಕೇಳಿರದ ಹೊಸದು.

"ಅದನ್ನ ನೋಡಿ ನಮ್ಮಪ್ಪ ಓಡಿ ಬಂದು ಚಿಕ್ಕಮ್ಮನ ಮುಂದೆ ಕೈ ಮುಗಿದು ನಿಂತ್ಕೊಂಡ್ರು. ಕಣ್ಣಲ್ಲಿ ನೀರು. ಒಂದೇ ಒಂದು ಮಾತು ಹೇಳಿದ್ರು."

ಹುಡುಗಿ ಕತ್ತು ವಾಲಿಸಿದಳು. ಹುಬ್ಬು ಏರಿಸಿದಳು. ಎಡದಿಂದ ಬಲಕ್ಕೆ ಸಭೆಯನ್ನು ನೋಡಿದಳು.

ಸದ್ದಿಲ್ಲ.

ಹಲಗೆ ದೀಪ ಆರಿಸುವ ಹೊತ್ತು ಬಂತು. ಆ ಹೊತ್ತು ಚಿಕ್ಕಮ್ಮನ ಮೈಯೊಳಗೇ ಸೇರಿಹೋಗಿತ್ತು, ಗಡಿಯಾರ ಬೇಕಿರಲಿಲ್ಲ. ಬಂತು, ಹೋಯಿತು. ಇನ್ನೂ ಸದ್ದಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ, "ಪಾಪ," ಎಂದರು. ಅಕ್ಕ ತಂಗಿಯ ಮುಂಗೈಯನ್ನು ಉಗುರು ನಾಟುವ ಹಾಗೆ ಹಿಡಿದು, "ಮತ್ತೆ ನುಂಗಿತೇನೇ? ಅಯ್ಯೋ, ಮತ್ತೆ ನುಂಗಿತೇನೇ?" ಎಂದು ಪಿಸುಗುಟ್ಟಿದಳು. ಆ ಸಾವಿರಕ್ಕೊಂದು ಇಲ್ಲಿಗೇ ಬಂತೇ ಎಂದು ಚಿಕ್ಕಮ್ಮ ಅರ್ಧ ಎದ್ದೂಬಿಟ್ಟಳು. ಪರದೆಯ ಮರೆಯಲ್ಲಿ ಟೀಚರ ಕೈ ಯಂತ್ರದ ಗುಂಡಿಯ ಕಡೆಗೆ ಹೋಯಿತು.

ಬಾಯಿಬಡುಕಿ ಆ ಕಡೆ ತಿರುಗಿಯೂ ನೋಡದೆ ಎಡಗೈ ಎತ್ತಿ ಅಂಗೈ ತೋರಿಸಿದಳು. ತಡೀರಿ.

ಬಲಗೈಯ ಬೆರಳು ಗುಂಡಿಯ ಮೇಲೆ, ತಾಕದೆ, ಹಾಗೆಯೇ ನಿಂತಿತ್ತು. ಚಿಕ್ಕಮ್ಮ ಅದನ್ನು ನೋಡಿದಳು. ಮೆಲ್ಲಗೆ ಕುರ್ಚಿಗೆ ಕುಸಿದಳು.

"ನುಂಗಿಲ್ಲ ಅಕ್ಕ," ಎಂದಳು. "ಅವಳಿನ್ನೂ ಒತ್ತೇ ಇಲ್ಲ. ಅವಳೇ ಸುಮ್ಮನಿದ್ದಾಳೆ."

ಇಷ್ಟು ವರ್ಷ ಆ ಹುಡುಗಿಯ ಸುತ್ತ ಇದ್ದ ಮೌನವೆಲ್ಲ ಗಂಟಲಿನದು, ಯಂತ್ರದ್ದು, ಯಾರದೋ ತಪ್ಪಿನದು. ಇದೊಂದು ಅವಳದು. ಇಡೀ ಸಭಾಂಗಣವನ್ನು ಅದರೊಳಗೆ ಕೂರಿಸಿಕೊಂಡು, ಒಬ್ಬರೂ ಕೆಮ್ಮದ ಹಾಗೆ ಮಾಡಿ, ಇನ್ನು ತಡೆಯಲಾರೆವು ಎನ್ನುವಷ್ಟು ಎಳೆದು, ಆಮೇಲೆ ಬಾಯಿಬಡುಕಿ ಒತ್ತಿದಳು.

"ದಯವಿಟ್ಟು ಇದನ್ನ ಮೊದಲಿನ ಹಾಗೇ ಕೆಡಿಸಿಕೊಡಿ."

ಒಂದೇ ಸಲ ಹೇಳಿತು, ಗಂಟೆ ಹೊಡೆದ ಹಾಗೆ. ಸಭೆ ಗೊಳ್ಳೆಂದಿತು. ಭಾವ ಕುರ್ಚಿ ಮುರಿಯುವ ಹಾಗೆ ನಕ್ಕ, ಅಕ್ಕ ಅತ್ತಳು, ಟೀಚರು ಯಂತ್ರ ಕೆಳಗಿಟ್ಟು ಎರಡೂ ಕೈಯಿಂದ ಚಪ್ಪಾಳೆ ತಟ್ಟಿದರು. ಚಿಕ್ಕಮ್ಮನಿಗೆ ನಗುವೂ ಅಳುವೂ ಒಟ್ಟಿಗೆ ಬಂದು ಯಾವುದನ್ನು ಮೊದಲು ವಿಚಾರಿಸಿಕೊಳ್ಳಬೇಕೋ ತಿಳಿಯಲಿಲ್ಲ. ವೇದಿಕೆಯ ಮೇಲೆ ಬಾಯಿಬಡುಕಿ ನಗು ಇಳಿಯುವುದನ್ನು ಕಾಯುತ್ತ ಆರಾಮವಾಗಿ ನಿಂತಿದ್ದಳು. ಅವಳಿಗೇನೂ ಅವಸರವಿರಲಿಲ್ಲ.